ಕಿಡಿಯಿಲ್ಲದ ಬೆಂಕಿ

ಜಮಖಂಡಿಯ ಬಡಗಣ ದಿಕ್ಕಿಗೆ ಕೃಷ್ಣೆ ಹರಿಯುತ್ತದೆ. ಮುಧೋಳದ ಮಗ್ಗುಲಲ್ಲಿ ಘಟಪ್ರಭೆ. ಬೀಳಗಿ, ರಬಕವಿ-ಬನಹಟ್ಟಿಗಳೂ ಈ ಎರಡು ಹೊಳೆಗಳ ನಾಡಿಗೇ ಸೇರಿದ ಊರುಗಳು. ಹೊಳೆ ಎಷ್ಟೇ ತುಂಬಿ ಹರಿದರೂ ಹೊಲವು ದಂಡೆಗಿಂತ ಎತ್ತರದಲ್ಲಿದ್ದರೆ ಆ ನೀರು ರೈತನ ಕಣ್ಣಿಗೆ ಮಾತ್ರ ತಂಪು, ಪೈರಿಗಲ್ಲ. ಒಂದು ಕಾಲದಲ್ಲಿ ಎತ್ತು ಹೂಡಿ ಕಪಿಲೆಯಿಂದ ನೀರೆತ್ತುತ್ತಿದ್ದರು. ಆಮೇಲೆ ಹೊಳೆಯ ದಂಡೆಗಳಲ್ಲಿಯೂ ಬಾವಿಗಳ ಬದಿಯಲ್ಲಿಯೂ ಎಣ್ಣೆಯ ಇಂಜಿನ್ನುಗಳ ಸದ್ದು ಕೇಳತೊಡಗಿತು. ಕಬ್ಬಿನ ಗಾಣ ತಿರುಗಿದ್ದು, ಹಿಟ್ಟಿನ ಗಿರಣಿ ನಡೆದದ್ದು ಅದೇ ಇಂಜಿನ್ನಿನ ಬಲದಿಂದ. ಕಾಲಕ್ರಮದಲ್ಲಿ ವಿದ್ಯುತ್ತು ಬಂದು ಈ ಕೆಲಸಗಳಲ್ಲಿ ಹಲವನ್ನು ತಾನು ವಹಿಸಿಕೊಂಡಿತು. ಆದರೂ ಕಬ್ಬು ಕಡಿಯುವ ಸುಗ್ಗಿಯಲ್ಲಿ ಸಕ್ಕರೆ ಕಾರ್ಖಾನೆಗಳತ್ತ ಸಾಲುಗಟ್ಟಿ ಸಾಗುವ ಟ್ರ್ಯಾಕ್ಟರುಗಳ ಎದೆಯಲ್ಲಿ ಇಂದಿಗೂ ಮಿಡಿಯುತ್ತಿರುವುದು ಆ ಜಾತಿಯ ಇಂಜಿನ್ನೇ.

ಹಳೆಯ ಎಣ್ಣೆಯ ಇಂಜಿನ್ನನ್ನು ಹೊರಡಿಸುವುದನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ರೈತನು ಮೊದಲು ಒಂದು ಸಣ್ಣ ಹಿಡಿಕೆಯನ್ನು ಎತ್ತಿ ಒಳಗಿನ ಗಾಳಿಯ ಬಿಗಿಯನ್ನು ಸಡಿಲಿಸುತ್ತಾನೆ. ಬಳಿಕ ಹ್ಯಾಂಡಲ್ ಹಾಕಿ ಗಾಲಿಯನ್ನು ಜೋರಾಗಿ ತಿರುಗಿಸುತ್ತಾನೆ. ಗಾಲಿಗೆ ವೇಗ ಬಂದೊಡನೆ ಆ ಹಿಡಿಕೆಯನ್ನು ಇಳಿಸಿಬಿಡುತ್ತಾನೆ. ಇಂಜಿನ್ನು ಒಮ್ಮೆ ಕೆಮ್ಮಿ, ಹೊಗೆಯುಗುಳಿ, ತಾನೇ ಓಡತೊಡಗುತ್ತದೆ. ಬೆಂಕಿಕಡ್ಡಿಯನ್ನು ಗೀರಿದವರಿಲ್ಲ, ವಿದ್ಯುತ್ತಿನ ಕಿಡಿಯನ್ನು ಹಾರಿಸುವ ಉಪಕರಣವೂ ಅದರಲ್ಲಿಲ್ಲ. ಹಾಗಾದರೆ ಒಳಗಿನ ಎಣ್ಣೆಗೆ ಬೆಂಕಿ ಹತ್ತಿದ್ದು ಹೇಗೆ?

ಈ ಪ್ರಶ್ನೆಗೆ ಉತ್ತರವಾಗಿ ತನ್ನ ಇಡೀ ಬಾಳನ್ನೇ ತೆತ್ತವನು ರುಡಾಲ್ಫ್ ಡೀಸೆಲ್. ಡೀಸೆಲ್ ಎಂಬುದನ್ನು ನಾವು ಒಂದು ಎಣ್ಣೆಯ ಹೆಸರೆಂದೇ ತಿಳಿದಿದ್ದೇವೆ. ಅದು ಒಬ್ಬ ಮನುಷ್ಯನ ಹೆಸರು. ಬಡತನವನ್ನು ಉಂಡು, ಕೀರ್ತಿಯನ್ನು ಕಂಡು, ಕೊನೆಗೆ ನಡುಗಡಲಿನಲ್ಲಿ ಕಣ್ಮರೆಯಾದ ಒಬ್ಬ ಇಂಜಿನಿಯರನ ಹೆಸರು.

ರುಡಾಲ್ಫ್ ಡೀಸೆಲ್ 1858ನೆಯ ಇಸವಿ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಥಿಯೋಡೋರ್, ತಾಯಿ ಎಲಿಸ್. ಇಬ್ಬರೂ ಜರ್ಮನಿಯ ಬವೇರಿಯಾ ಪ್ರಾಂತದ ಮೂಲದವರು. ತಂದೆಯದು ಪುಸ್ತಕಗಳಿಗೆ ರಟ್ಟು ಕಟ್ಟುವ ಹಾಗೂ ಚರ್ಮದ ಸಾಮಾನುಗಳನ್ನು ಮಾಡುವ ಕಸುಬು. ಮೂವರು ಮಕ್ಕಳ ಆ ಸಂಸಾರದಲ್ಲಿ ಕೈಕೆಲಸದ ಶ್ರಮವೇನೆಂಬುದನ್ನು ಬಾಲಕನು ಮನೆಯಲ್ಲಿಯೇ ಕಂಡನು. ಚಿಕ್ಕ ಕಸುಬುದಾರನು ದೊಡ್ಡ ಕಾರ್ಖಾನೆಗಳ ಮುಂದೆ ಹೇಗೆ ಸೋಲುತ್ತಾನೆಂಬುದನ್ನು ಅವನು ಮುಂದೆಂದೂ ಮರೆಯಲಿಲ್ಲ.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಮೊದಲಾಯಿತು. ಫ್ರಾನ್ಸಿನಲ್ಲಿ ನೆಲೆಸಿದ್ದ ಜರ್ಮನರು ಊರು ಬಿಡಬೇಕಾಯಿತು. ಡೀಸೆಲ್ ಕುಟುಂಬವು ಕಟ್ಟಿದ ಬಾಳನ್ನು ಹಿಂದೆ ಬಿಟ್ಟು ಲಂಡನ್ನಿಗೆ ವಲಸೆ ಹೋಯಿತು. ಅಲ್ಲಿ ಜೀವನ ಸಾಗುವುದೇ ದುಸ್ತರವಾದಾಗ ತಾಯಿಯು ಹನ್ನೆರಡು ವರ್ಷದ ಮಗನನ್ನು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದಳು. ಬಾರ್ನಿಕೆಲ್ ಎಂಬ ಆ ಬಂಧು ಗಣಿತದ ಉಪಾಧ್ಯಾಯರು. ಅವರ ಆಶ್ರಯದಲ್ಲಿ ರುಡಾಲ್ಫನ ವಿದ್ಯಾಭ್ಯಾಸ ಮುಂದುವರಿಯಿತು. ತಂದೆತಾಯಿಗಳಿಂದ ದೂರವಾಗಿ ಬೆಳೆದ ಬಾಲಕನಿಗೆ ಪುಸ್ತಕಗಳೇ ಒಡನಾಡಿಗಳಾದವು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ತಾನು ಇಂಜಿನಿಯರನಾಗುವೆನೆಂದು ಅವನು ತಂದೆತಾಯಿಗಳಿಗೆ ಕಾಗದ ಬರೆದನು. ತರಗತಿಯಲ್ಲಿ ಮೊದಲಿಗನಾಗಿ ತೇರ್ಗಡೆಯಾಗಿ, ವಿದ್ಯಾರ್ಥಿವೇತನ ಪಡೆದು, ಮ್ಯೂನಿಕ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿದನು.

ಅಲ್ಲಿ ಅವನಿಗೆ ಗುರುವಾಗಿ ದೊರೆತವರು ಕಾರ್ಲ್ ಫಾನ್ ಲಿಂಡೆ. ಶೀತಲೀಕರಣ ಯಂತ್ರಗಳಲ್ಲಿ ಲೋಕಪ್ರಸಿದ್ಧರಾದ ವಿದ್ವಾಂಸರು ಅವರು. ಉಷ್ಣವು ಶಕ್ತಿಯಾಗಿ ಮಾರ್ಪಡುವ ನಿಯಮಗಳನ್ನು ಅವರು ಪಾಠ ಹೇಳುತ್ತಿದ್ದಾಗ ರುಡಾಲ್ಫನ ಮನಸ್ಸಿಗೆ ಒಂದು ಸಂಗತಿ ನಾಟಿತು. ಆ ಕಾಲದಲ್ಲಿ ಲೋಕದ ಕಾರ್ಖಾನೆಗಳೆಲ್ಲ ಉಗಿಯಂತ್ರದಿಂದ ನಡೆಯುತ್ತಿದ್ದವು. ಆದರೆ ಒಲೆಯಲ್ಲಿ ಉರಿದ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೆಯ ಒಂದು ಪಾಲಷ್ಟೇ ಕೆಲಸಕ್ಕೆ ಒದಗುತ್ತಿತ್ತು; ಸಣ್ಣ ಯಂತ್ರಗಳಲ್ಲಿ ಅದೂ ಇಲ್ಲ. ಉಳಿದ ಶಾಖವೆಲ್ಲ ಹೊಗೆಯಾಗಿ, ಉಗಿಯಾಗಿ ವ್ಯರ್ಥವಾಗುತ್ತಿತ್ತು. ಬಡವನ ಮನೆಯಲ್ಲಿ ಬೆಳೆದ ಹುಡುಗನಿಗೆ ಈ ದುಂದುಗಾರಿಕೆ ಸಹನೆಯಾಗಲಿಲ್ಲ. ಇದಕ್ಕಿಂತ ಮೇಲಾದ ಯಂತ್ರ ಸಾಧ್ಯವೇ ಎಂಬ ವಿಚಾರವು ಅಂದಿನಿಂದ ಅವನನ್ನು ನೆರಳಿನಂತೆ ಹಿಂಬಾಲಿಸಿತು.

1879ರಲ್ಲಿ ಕೊನೆಯ ಪರೀಕ್ಷೆ ಸಮೀಪಿಸಿದಾಗ ಅವನು ವಿಷಮಶೀತಜ್ವರಕ್ಕೆ ತುತ್ತಾದನು. ಪರೀಕ್ಷೆ ತಪ್ಪಿತು. ಅವನು ಧೈರ್ಯಗೆಡಲಿಲ್ಲ. ನಡುವಣ ಅವಧಿಯಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಜರ್ ಯಂತ್ರಾಗಾರದಲ್ಲಿ ಕೈಯಾರೆ ದುಡಿದು ಅನುಭವ ಗಳಿಸಿದನು. 1880ರಲ್ಲಿ ಪರೀಕ್ಷೆಗೆ ಕುಳಿತು ಅತ್ಯುನ್ನತ ಶ್ರೇಣಿಯಲ್ಲಿ ಉತ್ತೀರ್ಣನಾದನು. ಅನಂತರ ಗುರುಗಳ ಮಂಜುಗಡ್ಡೆಯ ಉದ್ಯಮದ ಕೆಲಸಕ್ಕಾಗಿ ಪ್ಯಾರಿಸ್ಸಿಗೆ ಹೋದನು. 1883ರಲ್ಲಿ ಮಾರ್ಥಾ ಎಂಬ ಕನ್ಯೆಯೊಡನೆ ಅವನ ವಿವಾಹವಾಯಿತು. ಹಗಲು ತಣ್ಣಗೆ ಮಾಡುವ ಯಂತ್ರಗಳ ಕೆಲಸ, ಬಿಡುವಿನಲ್ಲಿ ಉರಿಯ ಯಂತ್ರದ ಕನಸು: ಹೀಗೆ ಹತ್ತು ವರ್ಷಗಳು ಸಂದವು. ಮೊದಲು ಅಮೋನಿಯಾ ಆವಿಯಿಂದ ನಡೆಯುವ ಇಂಜಿನ್ನನ್ನು ಮಾಡಲು ಯತ್ನಿಸಿದನು, ಅದು ಫಲಿಸಲಿಲ್ಲ. ಆದರೆ ಆ ಸೋಲಿನಿಂದಲೇ ಹೊಸದೊಂದು ದಾರಿ ಹೊಳೆಯಿತು.

ಆ ದಾರಿಯನ್ನು ಒಂದು ಸಾಮಾನ್ಯ ಉದಾಹರಣೆಯಿಂದ ತಿಳಿಯಬಹುದು. ಸೈಕಲ್ಲಿನ ಗಾಲಿಗೆ ಪಂಪಿನಿಂದ ಗಾಳಿ ತುಂಬುವಾಗ ಪಂಪಿನ ಕೆಳತುದಿ ಬಿಸಿಯಾಗುವುದನ್ನು ನಾವೆಲ್ಲ ಮುಟ್ಟಿ ನೋಡಿದ್ದೇವೆ. ಗಾಳಿಯನ್ನು ಥಟ್ಟನೆ ಅದುಮಿದರೆ ಅದರ ಉಷ್ಣತೆ ಏರುತ್ತದೆ. ಇನ್ನಷ್ಟು, ಮತ್ತಷ್ಟು ಅದುಮಿದರೆ ಆ ಗಾಳಿ ಎಣ್ಣೆಯನ್ನು ಹೊತ್ತಿಸುವಷ್ಟು ಕಾಯುತ್ತದೆ. ಸಿಲಿಂಡರಿನಲ್ಲಿ ಬರಿಯ ಗಾಳಿಯನ್ನು ತುಂಬಿ, ಪಿಸ್ಟನ್ನಿನಿಂದ ಅದನ್ನು ಬಲವಾಗಿ ಅದುಮಿ, ಅದು ಕಾದು ಕೆಂಡವಾದ ಕ್ಷಣದಲ್ಲಿ ಇಂಧನವನ್ನು ತುಂತುರಾಗಿ ಒಳಕ್ಕೆ ಬಿಟ್ಟರೆ ಕಿಡಿಯ ಹಂಗಿಲ್ಲದೆ ಬೆಂಕಿ ಹೊತ್ತುತ್ತದೆ. ಗಾಳಿಯನ್ನು ಹೆಚ್ಚು ಅದುಮಿದಷ್ಟೂ ಶಾಖದ ಹೆಚ್ಚಿನ ಪಾಲು ಕೆಲಸವಾಗಿ ಪರಿಣಮಿಸುತ್ತದೆ. ಇದೇ ಡೀಸೆಲನ ವಿಚಾರದ ತಿರುಳು. ಇದನ್ನು ಸಂಪೀಡನ ದಹನವೆಂದು ಕರೆಯಬಹುದು.

1892ರ ಫೆಬ್ರವರಿಯಲ್ಲಿ ಅವನು ಈ ವಿಚಾರಕ್ಕೆ ಹಕ್ಕುಪತ್ರ ಬೇಡಿ ಅರ್ಜಿ ಸಲ್ಲಿಸಿದನು. ಮರುವರ್ಷ ಅದು ದೊರೆಯಿತು. ತನ್ನ ಸಿದ್ಧಾಂತವನ್ನು ವಿವರಿಸುವ ಪುಸ್ತಕವೊಂದನ್ನೂ 1893ರಲ್ಲಿ ಪ್ರಕಟಿಸಿದನು. ಆದರೆ ಕಾಗದದ ಮೇಲಣ ಯಂತ್ರ ಸದ್ದು ಮಾಡದು, ನೀರೆತ್ತದು. ಅದನ್ನು ಕಬ್ಬಿಣದಲ್ಲಿ ಕಟ್ಟಿ ತೋರಿಸಬೇಕಾಗಿತ್ತು. ಔಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯ ನಿರ್ದೇಶಕ ಹೈನ್ರಿಕ್ ಬುಟ್ಸ್ ಮೊದಲು ಹಿಂಜರಿದರೂ ಕೊನೆಗೆ ಒಪ್ಪಿದರು. ಕ್ರುಪ್ ಸಂಸ್ಥೆಯೂ ಹಣಕ್ಕೆ ಒದಗಿತು. 1893ರ ಬೇಸಗೆಯಲ್ಲಿ ಮೊದಲ ಇಂಜಿನ್ನು ಸಿದ್ಧವಾಯಿತು. ಅದರ ಸಿಲಿಂಡರಿನ ಅಗಲ 150 ಮಿಲಿಮೀಟರು, ಪಿಸ್ಟನ್ನಿನ ಓಟ 400 ಮಿಲಿಮೀಟರು.

1893ರ ಆಗಸ್ಟ್ 10ರಂದು ಆ ಯಂತ್ರಕ್ಕೆ ಮೊದಲ ಬಾರಿಗೆ ಇಂಧನ ಉಣಿಸಲಾಯಿತು. ಆ ದಿನ ಬಳಸಿದ ಇಂಧನ ಇಂದು ನಾವು ಡೀಸೆಲ್ ಎನ್ನುವ ಎಣ್ಣೆಯಲ್ಲ, ಅದು ಪೆಟ್ರೋಲು. ಗಾಳಿಯನ್ನು ಅದುಮುವುದರಲ್ಲಿ ಯಂತ್ರವು ಲೆಕ್ಕ ಹಾಕಿದಷ್ಟು ಒತ್ತಡವನ್ನು ಮುಟ್ಟಿರಲಿಲ್ಲ. ಆದರೂ ಪೆಟ್ರೋಲು ಒಳಹೊಕ್ಕೊಡನೆ ಭಯಂಕರವಾದ ಆಸ್ಫೋಟವಾಯಿತು. ಒತ್ತಡವನ್ನು ಅಳೆಯಲು ಜೋಡಿಸಿದ್ದ ಉಪಕರಣ ಸಿಡಿದು ಹಾರಿತು. ಹತ್ತಿರದಲ್ಲಿಯೇ ನಿಂತಿದ್ದವರು ಪ್ರಾಣಾಪಾಯದಿಂದ ಪಾರಾದದ್ದು ಪುಣ್ಯ. ನೋಡಿದವರಿಗೆ ಅದು ಸೋಲು. ಡೀಸೆಲನಿಗೆ ಅದರಲ್ಲಿ ಗೆಲುವಿನ ಬೀಜ ಕಂಡಿತು. ಅದುಮಿದ ಗಾಳಿಯ ಬಿಸಿಯೊಂದರಿಂದಲೇ ಇಂಧನ ಹೊತ್ತಿಕೊಳ್ಳುತ್ತದೆಂಬುದು ಅಂದು ಸಿದ್ಧವಾಗಿತ್ತು. ಉಳಿದದ್ದು ಆ ಬೆಂಕಿಯನ್ನು ಹದಕ್ಕೆ ತರುವ ಕೆಲಸ.

ಆ ಹದವೇ ಕಠಿನವಾದ ತಪಸ್ಸಾಯಿತು. ಯಂತ್ರವನ್ನು ಬಿಚ್ಚಿ ತಿಂಗಳುಗಟ್ಟಲೆ ತಿದ್ದಿದರು. ಇಂಧನವನ್ನು ಗಾಳಿಯ ರಭಸದಿಂದ ನವುರಾದ ತುಂತುರಾಗಿಸಿ ಒಳಕ್ಕೆ ಊದುವ ಉಪಾಯವನ್ನು ಹೂಡಿದರು. 1894ರ ಫೆಬ್ರವರಿ 17ರಂದು ಕಾರ್ಖಾನೆಯ ಹೊರಶಕ್ತಿಯ ಪಟ್ಟಿಯಿಂದ ಯಂತ್ರವನ್ನು ತಿರುಗಿಸುತ್ತಿದ್ದಾಗ ಲಿಂಡರ್ ಎಂಬ ಯಂತ್ರಕರ್ಮಿ ಒಂದು ವಿಚಿತ್ರವನ್ನು ಗಮನಿಸಿದನು. ಪಟ್ಟಿಯ ಎಳೆತ ಹಿಂದುಮುಂದಾಗಿತ್ತು. ಪಟ್ಟಿ ಯಂತ್ರವನ್ನು ಎಳೆಯುತ್ತಿರಲಿಲ್ಲ. ಯಂತ್ರವೇ ಪಟ್ಟಿಯನ್ನು ಎಳೆಯುತ್ತಿತ್ತು! ಅದು ತನ್ನ ಬಲದಿಂದ ತಾನೇ ಓಡುತ್ತಿತ್ತು. ಲಿಂಡರನು ಏನನ್ನೂ ಹೇಳದೆ ತಲೆಯ ಟೋಪಿಯನ್ನು ತೆಗೆದು ಯಂತ್ರಕ್ಕೆ ವಂದಿಸಿದನೆಂದು ಹೇಳುತ್ತಾರೆ. ಯಾವ ಹೊರೆಯನ್ನೂ ಹೊರದೆ, ಒಂದು ನಿಮಿಷದ ಕಾಲ, 88 ಸುತ್ತುಗಳು: ಇಷ್ಟೇ ಅಂದಿನ ಸಾಧನೆ. ಆದರೆ ಹಸುಗೂಸಿನ ಮೊದಲ ಉಸಿರಿಗೂ ಇಷ್ಟೇ ಹೊತ್ತು ಸಾಕು.

ಉಸಿರಾಡುವುದು ಬೇರೆ, ಹೊರೆ ಹೊರುವುದು ಬೇರೆ. ಮುಂದಿನ ಮೂರು ವರ್ಷ ಡೀಸೆಲನು ಹಗಲಿರುಳೆನ್ನದೆ ದುಡಿದನು. ಬಗೆಬಗೆಯ ಇಂಧನಗಳನ್ನು ಪರೀಕ್ಷಿಸಿದನು. ತನ್ನ ಪುಸ್ತಕದಲ್ಲಿ ತಾನೇ ಬರೆದಿದ್ದ ಅತಿಯಾದ ಒತ್ತಡದ ಲೆಕ್ಕವು ಕಾರ್ಯಸಾಧ್ಯವಲ್ಲವೆಂದು ಮನಗಂಡು ಅದನ್ನು ತಗ್ಗಿಸಿದನು. ತನ್ನ ಸಿದ್ಧಾಂತದ ಮೇಲಣ ಮೋಹಕ್ಕಿಂತ ಯಂತ್ರವು ಹೇಳುವ ಸತ್ಯವೇ ದೊಡ್ಡದೆಂದು ಒಪ್ಪುವುದು ವಿಜ್ಞಾನಿಗೆ ಸುಲಭದ ಮಾತಲ್ಲ. ಮೊದಲ ಓಟಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, 1897ರ ಫೆಬ್ರವರಿ 17ರಂದು, ಮ್ಯೂನಿಕ್ಕಿನ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ಹೊಸ ಇಂಜಿನ್ನನ್ನು ವಿಧಿಪೂರ್ವಕವಾಗಿ ಪರೀಕ್ಷಿಸಿದರು. ಇಂಧನದ ಶಾಖದಲ್ಲಿ ನೂರಕ್ಕೆ 26.2 ಪಾಲು ಕೆಲಸವಾಗಿ ಮಾರ್ಪಟ್ಟಿತ್ತು. ಅಂದಿನ ಉಗಿಯಂತ್ರಗಳಿಗೆ ಇದು ಕನಸಿನಲ್ಲಿಯೂ ಎಟುಕದ ಅಂಕೆ.

ಕೀರ್ತಿ ಹಬ್ಬಿತು. ದೇಶದೇಶಗಳ ಉದ್ಯಮಿಗಳು ಹಕ್ಕು ಕೊಳ್ಳಲು ಮುಂದೆ ಬಂದರು. ಅಮೆರಿಕದ ಅಡಾಲ್ಫಸ್ ಬುಷ್ ಎಂಬುವನು ಹತ್ತು ಲಕ್ಷ ಮಾರ್ಕುಗಳನ್ನು ತೆತ್ತು ತನ್ನ ದೇಶದ ಹಕ್ಕನ್ನು ಪಡೆದನು. ವ್ಯಾಪಾರಕ್ಕೆಂದು ಮಾಡಿದ ಮೊದಲ ಇಂಜಿನ್ನು 1898ರಲ್ಲಿ ಕೆಂಪ್ಟನ್ ಎಂಬ ಊರಿಗೆ ಹೋಯಿತು. ಅದನ್ನು ಕೊಂಡದ್ದು ಬೆಂಕಿಪೆಟ್ಟಿಗೆಯ ಕಾರ್ಖಾನೆ! ಬೆಂಕಿಕಡ್ಡಿಯ ಹಂಗಿಲ್ಲದ ಯಂತ್ರವು ಬೆಂಕಿಕಡ್ಡಿ ಮಾಡುವ ಮನೆಗೇ ಮೊದಲು ಸೇರಿದ್ದು ವಿಧಿಯ ವಿನೋದವೆನ್ನಬೇಕು.

1900ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ನಡೆದ ಒಂದು ಸಂಗತಿ ನಮ್ಮ ನಾಡಿನವರಿಗೆ ವಿಶೇಷವಾಗಿ ರುಚಿಸುತ್ತದೆ. ಅಲ್ಲಿ ಒಂದು ಚಿಕ್ಕ ಡೀಸೆಲ್ ಇಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಲಾಗಿತ್ತು. ಫ್ರೆಂಚ್ ಸರ್ಕಾರದ ಅಪೇಕ್ಷೆಯಂತೆ ಮಾಡಿದ ಪ್ರಯೋಗವದು. ಎಣ್ಣೆ ಬದಲಾದದ್ದು ನೋಡುಗರಲ್ಲಿ ಬಹುಮಂದಿಗೆ ತಿಳಿಯದಷ್ಟು ನಿರಾಯಾಸವಾಗಿ ಇಂಜಿನ್ನು ಓಡಿತು. ಹೊಲದಲ್ಲಿ ಬೆಳೆದ ಎಣ್ಣೆಯಿಂದಲೇ ರೈತನ ಯಂತ್ರ ನಡೆಯುವ ಕಾಲವೊಂದು ಬಂದೀತೆಂದು ಡೀಸೆಲನು ಮುಂದೆ ಸಾರಿದನು. ಶೇಂಗಾ ಬೆಳೆಯುವ ನಮ್ಮ ಸೀಮೆಯಲ್ಲಿ ಈ ಮಾತು ನೆನೆಯತಕ್ಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಂಗೆಯೆಣ್ಣೆಯಿಂದ ಇಂಜಿನ್ನುಗಳನ್ನು ಓಡಿಸಿ ತೋರಿಸಿದ್ದಾರೆ. 2009ರಲ್ಲಿ ಕರ್ನಾಟಕ ಸರ್ಕಾರವು ಜೈವಿಕ ಇಂಧನ ನೀತಿಯನ್ನೇ ರೂಪಿಸಿತು.

ಆದರೆ ಡೀಸೆಲನ ಆಂತರ್ಯದ ಹಂಬಲ ಬೇರೆಯಾಗಿತ್ತು. ಉಗಿಯಂತ್ರವು ದೊಡ್ಡದು, ದುಬಾರಿಯಾದದ್ದು. ಸಿರಿವಂತನಾದ ಕಾರ್ಖಾನೆದಾರನಿಗೆ ಮಾತ್ರ ನಿಲುಕುವಂಥದು. ಸಣ್ಣದಾದ, ಅಗ್ಗವಾಗಿ ನಡೆಯುವ ಇಂಜಿನ್ನು ಮನೆಮನೆಯ ಕಸುಬುದಾರನಿಗೆ ದೊರೆತರೆ ಅವನು ದೊಡ್ಡ ಕಾರ್ಖಾನೆಯ ಎದುರು ತಲೆಯೆತ್ತಿ ಬದುಕಬಲ್ಲನೆಂದು ಅವನು ನಂಬಿದ್ದನು. ರಟ್ಟು ಕಟ್ಟುವ ತಂದೆಯ ಚಿತ್ರ ಅವನ ಕಣ್ಣ ಮುಂದಿತ್ತು. ಸಮಾಜದಲ್ಲಿ ದುಡಿಯುವವರು ಒಟ್ಟುಗೂಡಿ ಸಹಕಾರದಿಂದ ಬಾಳುವ ಬಗೆಯನ್ನು ಕುರಿತು 1903ರಲ್ಲಿ ಒಂದು ಪುಸ್ತಕವನ್ನೂ ಬರೆದನು. ಸಾವಿರಾರು ಪ್ರತಿಗಳು ಅಚ್ಚಾದವು. ಕೊಂಡು ಓದಿದವರು ತೀರ ಸ್ವಲ್ಪ ಮಂದಿ. ತನ್ನ ಬಾಳಿನ ದೊಡ್ಡ ಕೆಲಸ ಇಂಜಿನ್ನಲ್ಲ, ಈ ಪುಸ್ತಕವೇ ಎಂದು ಅವನು ಭಾವಿಸಿದ್ದನು. ಲೋಕ ಇಂಜಿನ್ನನ್ನು ಮಾತ್ರ ತೆಗೆದುಕೊಂಡಿತು. ರಬಕವಿ-ಬನಹಟ್ಟಿಗಳಲ್ಲಿ ಮನೆಯ ಮುಂಗೋಣೆಯಲ್ಲಿಯೇ ಮಗ್ಗ ಹೂಡಿ ಸೀರೆ ನೇಯುವ ಕುಟುಂಬಗಳನ್ನು ಕಂಡಿದ್ದರೆ ತನ್ನ ಯಂತ್ರ ಯಾರಿಗಾಗಿ ಹುಟ್ಟಿತೋ ಅವರು ಇವರೇ ಎಂದು ಅವನಿಗೆ ಅನ್ನಿಸುತ್ತಿತ್ತೇನೋ!

ಕೀರ್ತಿಯ ಬೆನ್ನಿಗೆ ಕಷ್ಟಗಳೂ ಬಂದವು. ಮೊದಮೊದಲಿನ ಇಂಜಿನ್ನುಗಳು ಕೊಂಡವರ ಕೈಯಲ್ಲಿ ಪದೇ ಪದೇ ಕೆಟ್ಟವು. ಪರೀಕ್ಷಾಗಾರದಲ್ಲಿ ನಿಪುಣರ ಕಣ್ಣೆದುರು ಓಡಿದ ಯಂತ್ರ ಸಾಮಾನ್ಯ ಕೆಲಸಗಾರನ ಕೈಗೆ ಪಳಗಲು ಕಾಲ ಬೇಕಾಯಿತು. ಔಗ್ಸ್‌ಬರ್ಗಿನಲ್ಲಿ ಅವನ ಹೆಸರಿನಲ್ಲಿ ತೆರೆದ ಕಾರ್ಖಾನೆ ನಷ್ಟಕ್ಕೀಡಾಯಿತು. ಇಂಜಿನ್ನು ನಡೆಯುವ ರೀತಿ ಹಕ್ಕುಪತ್ರದಲ್ಲಿ ಬರೆದ ರೀತಿಗಿಂತ ಬೇರೆಯಾಗಿದೆ, ಆದುದರಿಂದ ಈ ಶೋಧ ಅವನದಲ್ಲ ಎಂದು ಕೆಲವರು ವಾದ ಹೂಡಿದರು. ಇಂಗ್ಲೆಂಡಿನ ಅಕ್ರಾಯ್ಡ್ ಸ್ಟುವರ್ಟ್ ಇದಕ್ಕೆ ಸಮೀಪದ ಎಣ್ಣೆಯ ಇಂಜಿನ್ನನ್ನು ಮೊದಲೇ ಮಾಡಿದ್ದನೆಂಬುದೂ ನಿಜ. ಆದರೆ ಅದನ್ನು ಹೊರಡಿಸಬೇಕಾದರೆ ಹೊರಗಿನಿಂದ ಕಾಯಿಸಬೇಕಾಗಿತ್ತು. ಗಾಳಿಯನ್ನು ಅತಿಯಾಗಿ ಅದುಮಿ, ಆ ಬಿಸಿಯೊಂದನ್ನೇ ನಂಬಿ, ಶಾಖವನ್ನು ಉಳಿತಾಯ ಮಾಡಿದ ಹಿರಿಮೆ ಡೀಸೆಲನದೇ. ವಾದವಿವಾದಗಳಿಂದ ಅವನ ದೇಹವೂ ಮನಸ್ಸೂ ಜರ್ಝರಿತವಾದವು. 1898ರಲ್ಲಿಯೇ ಅವನು ಬಳಲಿ ಚಿಕಿತ್ಸೆಗೆ ಮೊರೆಹೋಗಬೇಕಾಯಿತು.

ಹಣದ ವಿಷಯದಲ್ಲಿ ಅವನು ಯಂತ್ರದಷ್ಟು ನಿಪುಣನಾಗಿರಲಿಲ್ಲ. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಕಟ್ಟಿಸಿದನು. ಭೂಮಿಯ ವ್ಯವಹಾರ, ತೈಲದ ವ್ಯವಹಾರಗಳಲ್ಲಿ ತೊಡಗಿಸಿದ ಹಣ ಕರಗಿತು. ಹೊರಗಿನ ವೈಭವ ಹಾಗೆಯೇ ಇತ್ತು. ಒಳಗೆ ಸಾಲ ಬೆಳೆಯುತ್ತಿತ್ತು. ಶಾಖದ ದುಂದುಗಾರಿಕೆಯನ್ನು ಸಹಿಸದ ಮನುಷ್ಯ ತನ್ನ ಹಣದ ಸೋರಿಕೆಯನ್ನು ತಡೆಯಲಾರದೆ ಹೋದನು. ಅದಕ್ಕಿಂತ ದುಃಖದ ಸಂಗತಿಯೆಂದರೆ, ಆ ಕಷ್ಟವನ್ನು ಅವನು ಹತ್ತಿರದವರಲ್ಲಿಯೂ ಹೇಳಿಕೊಳ್ಳಲಿಲ್ಲ.

ಇತ್ತ ಅವನ ಇಂಜಿನ್ನು ಬೆಳೆಯುತ್ತಲೇ ಇತ್ತು. 1912ರಲ್ಲಿ ಸೆಲಾಂಡಿಯಾ ಎಂಬ ಡೆನ್ಮಾರ್ಕಿನ ಹಡಗು ಡೀಸೆಲ್ ಇಂಜಿನ್ನುಗಳ ಬಲದಿಂದ ಮಹಾಸಾಗರದ ಯಾನವನ್ನು ಕೈಗೊಂಡಿತು. ಮರುವರ್ಷ, 1913ರ ಸೆಪ್ಟೆಂಬರ್ 29ರ ಸಂಜೆ, ಡೀಸೆಲನು ಇಂಗ್ಲೆಂಡಿಗೆ ಹೋಗಲು ಆಂಟ್‌ವರ್ಪಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನು ಹತ್ತಿದನು. ಜೊತೆಯವರೊಡನೆ ಊಟ ಮಾಡಿ, ಬೆಳಿಗ್ಗೆ ಆರೂಕಾಲು ಗಂಟೆಗೆ ಎಬ್ಬಿಸುವಂತೆ ಹೇಳಿ, ಹತ್ತು ಗಂಟೆಯ ಹೊತ್ತಿಗೆ ತನ್ನ ಕೋಣೆಗೆ ಹೋದನು. ಬೆಳಿಗ್ಗೆ ನೋಡಿದರೆ ಕೋಣೆಯಲ್ಲಿ ಅವನಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ ಗುರುತೂ ಇರಲಿಲ್ಲ. ಅವನ ಟೋಪಿಯೂ ಮೇಲಂಗಿಯೂ ಹಡಗಿನ ಮೇಲಟ್ಟದಲ್ಲಿ ದೊರೆತವು. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ಸಿಕ್ಕ ದೇಹವೊಂದರ ಬಳಿಯಿದ್ದ ವಸ್ತುಗಳನ್ನು ಮಗ ಯೂಜೆನ್ ನೋಡಿ ತಂದೆಯವೆಂದು ಗುರುತಿಸಿದನು. ಆ ರಾತ್ರಿ ನಡೆದುದೇನೆಂದು ಕಂಡವರಿಲ್ಲ. ಜನ ಹಲವು ಕತೆಗಳನ್ನು ಕಟ್ಟಿದರು. ಸಾಲದ ಹೊರೆಯಿಂದ ನೊಂದ ಮನಸ್ಸಿನ ಕೊನೆ ಅದೆಂದು ಬಹುಮಂದಿ ಚರಿತ್ರಕಾರರ ಊಹೆ. ಮನೆಯವರೊಡನೆ ಹಂಚಿಕೊಂಡಿದ್ದರೆ ಹಗುರವಾಗಬಹುದಾಗಿದ್ದ ಹೊರೆಯನ್ನು ಒಬ್ಬನೇ ಹೊತ್ತು ಹೊರಟುಹೋದನೆಂಬುದು ಮಾತ್ರ ಓದುವವರ ಎದೆಯನ್ನು ಕಲಕುತ್ತದೆ. ಆಗ ಅವನಿಗೆ ಐವತ್ತೈದು ವರ್ಷ.

ಇಂಜಿನ್ನನ್ನು ಚಿಕ್ಕದು ಮಾಡಬೇಕೆಂಬ ಅವನ ಹಂಬಲ ಅವನ ಅನಂತರ ಈಡೇರಿತು. ಇಂಧನವನ್ನು ಊದಲು ಅವನು ಬಳಸುತ್ತಿದ್ದ ಗಾಳಿಯಂತ್ರ ಭಾರವಾದದ್ದು. 1927ರಲ್ಲಿ ರಾಬರ್ಟ್ ಬಾಷನ ಸಂಸ್ಥೆಯವರು ಗಾಳಿಯ ನೆರವಿಲ್ಲದೆ ಇಂಧನವನ್ನೇ ಒತ್ತಿ ಚಿಮ್ಮಿಸುವ ಪುಟ್ಟ ಪಂಪನ್ನು ಹೇರಳವಾಗಿ ತಯಾರಿಸತೊಡಗಿದರು. ಹಡಗಿನ ಇಂಜಿನ್ನು ಲಾರಿಗೂ ಟ್ರ್ಯಾಕ್ಟರಿಗೂ ಇಳಿದು ಬಂದಿತು. ನಮ್ಮ ದೇಶದಲ್ಲಿ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಸಂಸ್ಥೆ ಸ್ಥಾಪನೆಯಾಯಿತು. ಆ ಉದ್ಯಮ ಕುಟುಂಬದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಡೀಸೆಲನ ಕನಸು ಹೀಗೆ ನಮ್ಮ ನೆರೆಮನೆಯವರ ಕೈಯಿಂದಲೇ ನಮ್ಮ ಹೊಲಗಳಿಗೆ ಬಂದಿತೆನ್ನಬಹುದು.

ಅವನ ಕತೆ ಇಲ್ಲಿಗೆ ಮುಗಿಯುವುದಿಲ್ಲ. 1893ರ ಆ ಮೊದಲ ದಿನದ ಪೆಟ್ರೋಲಿನ ಆಸ್ಫೋಟ ಇಂದಿನ ವಿಜ್ಞಾನಿಗಳನ್ನು ಮತ್ತೆ ಅದೇ ಬಾಗಿಲಿಗೆ ಕರೆತಂದಿದೆ. ಡೀಸೆಲ್ ಎಣ್ಣೆ ಬಿಸಿಗಾಳಿಯನ್ನು ಸೋಕಿದ ತುಸು ಹೊತ್ತಿನಲ್ಲಿಯೇ ಹೊತ್ತಿಕೊಳ್ಳುತ್ತದೆ. ಗಾಳಿಯೊಡನೆ ಚೆನ್ನಾಗಿ ಬೆರೆಯುವ ಮೊದಲೇ ಉರಿಯುವುದರಿಂದ ಕರಿ ಹೊಗೆ ಏಳುತ್ತದೆ. ಪೆಟ್ರೋಲಿನ ಸ್ವಭಾವ ಬೇರೆ. ಇಂದಿನ ಪೆಟ್ರೋಲನ್ನು ಅದುಮಿದ ಬಿಸಿಗೆ ಸುಲಭವಾಗಿ ಹೊತ್ತದಂತೆ, ಕಿಡಿಗಾಗಿ ಕಾಯುವಂತೆ ಹದಗೊಳಿಸಿರುತ್ತಾರೆ. ಈ ನಿಧಾನವನ್ನೇ ಗುಣವಾಗಿ ಬಳಸಬಹುದಲ್ಲವೇ ಎಂದು ವಿಜ್ಞಾನಿಗಳು ಯೋಚಿಸಿದರು. ಪೆಟ್ರೋಲನ್ನು ಡೀಸೆಲ್ ಮಾದರಿಯ ಇಂಜಿನ್ನಿನಲ್ಲಿ ಚಿಮ್ಮಿಸಿದರೆ ಅದು ಹೊತ್ತುವ ಮುನ್ನ ಗಾಳಿಯೊಡನೆ ಬೆರೆಯಲು ಸಮಯ ದೊರೆಯುತ್ತದೆ; ಹೊಗೆಯೂ ವಿಷಾನಿಲವೂ ಕಡಿಮೆಯಾಗುತ್ತವೆ. ನಮ್ಮ ಧಾರವಾಡ ಜಿಲ್ಲೆಯ ಊರೊಂದರ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ವಿಜ್ಞಾನಿ ಗೌತಮ ಕಲಘಟಗಿಯವರು ಸಂಗಡಿಗರೊಡನೆ 2006ರಲ್ಲಿ ಈ ಮಾರ್ಗದ ಪ್ರಯೋಗಗಳನ್ನು ಪ್ರಕಟಿಸಿದರು.

ಆದರೆ ಇದಕ್ಕೆ ಒಂದು ತೊಡಕಿದೆ. ಟ್ರ್ಯಾಕ್ಟರು ಕಬ್ಬಿನ ಭಾರವನ್ನು ಎಳೆಯುವಾಗ ಇಂಜಿನ್ನಿನ ಒಳಗೋಡೆಗಳು ಚೆನ್ನಾಗಿ ಕಾದಿರುತ್ತವೆ. ಇಂಧನವೂ ಹೇರಳವಾಗಿ ಒಳಬರುತ್ತದೆ. ಅಂಥ ಒಲೆಯಲ್ಲಿ ಪೆಟ್ರೋಲೂ ಉರಿಯುತ್ತದೆ. ಹೊರೆ ಇಲ್ಲದೆ ಬರಿದೆ ನಿಂತು ಓಡುವಾಗಲೋ, ಹಗುರಾಗಿ ಸಾಗುವಾಗಲೋ ಒಳಬರುವ ಇಂಧನ ಅತ್ಯಲ್ಪ. ಗಾಳಿ ಮಾತ್ರ ಸಿಲಿಂಡರಿನ ತುಂಬ. ಅಷ್ಟು ಗಾಳಿಯಲ್ಲಿ ಹರಡಿಹೋದ ತೆಳುವಾದ ಪೆಟ್ರೋಲಿಗೆ ಹೊತ್ತುವಷ್ಟು ಬಿಸಿ ಸಾಲದು. ಹಸಿ ಸೌದೆಯ ಒಂದೇ ಚೂರನ್ನು ತಣ್ಣನೆಯ ಒಲೆಯಲ್ಲಿಟ್ಟಂತೆ ಅದು ಹೊತ್ತದೆ ಉಳಿಯುತ್ತದೆ, ಅರೆಬೆಂದು ಹೊರಬೀಳುತ್ತದೆ. ದೊಡ್ಡ ಹೊರೆಯಲ್ಲಿ ಗೆದ್ದ ಯಂತ್ರ ಸಣ್ಣ ಹೊರೆಯಲ್ಲಿ ಸೋಲುತ್ತದೆ.

ಈ ಸೋಲನ್ನು ನೀಗಲು ಹಲವು ಉಪಾಯಗಳು ನಡೆದಿವೆ. ಉರಿದ ಬಿಸಿ ಅನಿಲದ ಒಂದು ಪಾಲನ್ನು ಹೊರಗೆ ಬಿಡದೆ ಸಿಲಿಂಡರಿನಲ್ಲಿಯೇ ಉಳಿಸಿಕೊಂಡು, ಬೂದಿ ಮುಚ್ಚಿದ ಕೆಂಡದಿಂದ ಮರುದಿನದ ಒಲೆ ಹೊತ್ತಿಸುವಂತೆ, ಮುಂದಿನ ಉರಿಗೆ ಬಿಸಿ ಒದಗಿಸುವುದು ಒಂದು. ಒಳಬರುವ ಗಾಳಿಯನ್ನೇ ಕಾಯಿಸುವುದು ಇನ್ನೊಂದು. ಇಂಧನವನ್ನು ಒಮ್ಮೆಗೇ ಬಿಡದೆ ಎರಡು ಮೂರು ಕಂತುಗಳಲ್ಲಿ ಚಿಮ್ಮಿಸಿ, ಅದು ಎಲ್ಲೆಡೆ ಹರಡದೆ ಒಂದೆಡೆ ದಟ್ಟವಾಗಿ ನಿಲ್ಲುವಂತೆ ಮಾಡುವುದು ಮತ್ತೊಂದು. ಜಪಾನಿನ ಮಾಜ್ದಾ ಸಂಸ್ಥೆಯವರು 2019ರಲ್ಲಿ ಮಾರಾಟಕ್ಕೆ ತಂದ ಪೆಟ್ರೋಲ್ ಇಂಜಿನ್ನಿನಲ್ಲಿ ಒಂದು ಪುಟ್ಟ ಕಿಡಿಯಿಂದ ಸ್ವಲ್ಪ ಭಾಗವನ್ನು ಮೊದಲು ಹೊತ್ತಿಸಿ, ಆ ಉರಿಯ ಒತ್ತಡದಿಂದ ಉಳಿದದ್ದು ತಾನಾಗಿ ಹೊತ್ತುವಂತೆ ಮಾಡಿದರು. ಕಿಡಿಯಿಲ್ಲದ ಬೆಂಕಿಗೆ ಕಿಡಿಯೇ ಊರುಗೋಲಾಯಿತು. ಪರಿಪೂರ್ಣವಾದ ಪರಿಹಾರಕ್ಕಾಗಿ ಪ್ರಯೋಗಶಾಲೆಗಳಲ್ಲಿ ಶೋಧನೆ ಮುಂದುವರಿದಿದೆ.

ಡೀಸೆಲನ ಎಣ್ಣೆಯೂ ದೋಷರಹಿತವಲ್ಲ. ಅದರ ಹೊಗೆಯಿಂದ ನಗರಗಳ ಗಾಳಿ ಕೆಟ್ಟಿದೆ. ಅದಕ್ಕೆ ಬದಲಿಯನ್ನು ಲೋಕ ಹುಡುಕುತ್ತಿದೆ. ಇದರಿಂದ ಅವನ ಹಿರಿಮೆಗೆ ಕುಂದಿಲ್ಲ. ತನ್ನ ಕಾಲದ ದುಂದನ್ನು ಕಂಡು ಅದಕ್ಕೆ ಮದ್ದು ಹುಡುಕಿದವನು ಅವನು. ನಮ್ಮ ಕಾಲದ ದುಂದನ್ನೂ ದೋಷವನ್ನೂ ಕಂಡು ಮದ್ದು ಹುಡುಕಬೇಕಾದವರು ನಾವು.

ಯಂತ್ರವೊಂದು ಭಾರವನ್ನು ಹೊತ್ತಾಗ ತೋರುವ ಬಲವನ್ನು ಎಲ್ಲರೂ ಕೊಂಡಾಡುತ್ತಾರೆ. ಹೊರೆಯಿಲ್ಲದ ಹೊತ್ತಿನಲ್ಲಿಯೂ ಒಳಗಿನ ಉರಿ ಆರದಂತೆ ಕಾಯ್ದುಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸ. ಸೋಲಿನ ದಿನಗಳಲ್ಲಿ, ಯಾರೂ ಗಮನಿಸದ ದಿನಗಳಲ್ಲಿ ಡೀಸೆಲನು ತನ್ನ ವಿಚಾರದ ಉರಿಯನ್ನು ಹಾಗೆ ಕಾಯ್ದನು. ಇನ್ನು ಮುಂದೆ ಕೃಷ್ಣೆಯ ದಂಡೆಯಲ್ಲಾಗಲಿ, ಕಬ್ಬಿನ ಗಾಡಿಗಳ ಸಾಲಿನಲ್ಲಾಗಲಿ ಆ ಇಂಜಿನ್ನಿನ ಸದ್ದು ಕಿವಿಗೆ ಬಿದ್ದಾಗ, ರಟ್ಟು ಕಟ್ಟುವವನ ಮಗನೊಬ್ಬನನ್ನು ನಾವು ಒಂದು ಕ್ಷಣ ನೆನೆದರೆ ಅದು ತಕ್ಕುದಾದ ಗೌರವ.